ಹುರುಳಿಯ ಪ್ರತಿಬಂಧಕ ಟ್ಯೂಬಿನಿಂದಲೇ ನುಸುಳುತ್ತದೆ

ಪ್ರೋಟೀನನ್ನು ಜೀರ್ಣಿಸುವ ಕಿಣ್ವವಾದ ಟ್ರಿಪ್ಸಿನ್ನನ್ನು ತಡೆಯುವ ಪ್ರೋಟೀನನ್ನು, ಅಂದರೆ ಪ್ರತಿಬಂಧಕವನ್ನು, ಬೇರ್ಪಡಿಸಿ ಕಲಿಯಲು ಹುರುಳಿ ಒಳ್ಳೆಯ ಕಾಳು. ಪುಣೆಯ ಅಂಗಡಿಗಳಲ್ಲಿ ‘ಕುಳೀಥ’ ಎಂದು ಕೇಳಿ, ಆದರೆ ಹಿಟ್ಟು ತರಬೇಡಿ. ಪಿಠಲೆಗೆಂದು ಮಾರುವ ಹಿಟ್ಟು ಸಾಮಾನ್ಯವಾಗಿ ಹುರಿದ ಕಾಳಿನದು. ಇಡೀ ಕಾಳೇ ಬೇಕು.

ಸಿಪ್ಪೆಯಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥ ಹೆಚ್ಚು, ಅದನ್ನು ತೆಗೆಯಲೇಬೇಕು. ನೆನೆಹಾಕಿದರೆ ಸಿಪ್ಪೆ ಸಲೀಸಾಗಿ ಬಿಡುತ್ತದೆ ನಿಜ, ಪ್ರತಿಬಂಧಕದ ಒಂದು ಪಾಲೂ ಆ ನೀರಿಗೇ ಹೋಗುತ್ತದೆ. ಒಣಕಾಳನ್ನೇ ಒಡೆದು ಮೊರದಲ್ಲಿ ಕೇರಿ. 10 ಗ್ರಾಂ ಪುಡಿಯನ್ನು ತಣ್ಣನೆಯ ಅಸಿಟೋನಿನಲ್ಲಿ ಎರಡು ಮೂರು ಸಲ ತೊಳೆದು ಒಣಗಿಸಿ, 100 ಮಿಲಿ ಟ್ರಿಸ್ ಬಫರಿನಲ್ಲಿ (50 ಮಿಲಿಮೋಲಾರ್, ಪಿಎಚ್ 8) 4 ಡಿಗ್ರಿಯಲ್ಲಿ ಎರಡು ಗಂಟೆ ಕದಡಿ. ಬಫರಿಗೆ ಶೇ 1 ಪಿವಿಪಿಪಿ (ಟ್ಯಾನಿನ್ ಹಿಡಿದುಕೊಳ್ಳುವ ಪುಡಿ) ಸೇರಿಸಿರಿ. ಸೆಂಟ್ರಿಫ್ಯೂಜ್ ಮಾಡಿದ ತಿಳಿಯನ್ನು 70 ಡಿಗ್ರಿಯಲ್ಲಿ 10 ನಿಮಿಷ ಇಟ್ಟರೆ ಬೇಡದ ಪ್ರೋಟೀನುಗಳು ಗರಣೆಗಟ್ಟುತ್ತವೆ, ನಮ್ಮದು ಉಳಿಯುತ್ತದೆ. ಮತ್ತೆ ತಿರುಗಿಸಿ, ಪ್ರೋಟೀನು ತಳಕ್ಕಿಳಿಯಲು ಅಮೋನಿಯಂ ಸಲ್ಫೇಟನ್ನು ಶೇ 80 ಸಂತೃಪ್ತಿಯವರೆಗೆ ಹಾಕಿ: 25 ಡಿಗ್ರಿಯಲ್ಲಿ 100 ಮಿಲಿಗೆ ಸುಮಾರು 56 ಗ್ರಾಂ, ಚಿಟಿಕೆ ಚಿಟಿಕೆಯಾಗಿ.

ಇಷ್ಟಾದ ಮೇಲೆ ಬಹಳ ಮಂದಿ ಮಾಲನ್ನು ಕಳೆದುಕೊಳ್ಳುವುದು ಡಯಾಲಿಸಿಸಿನಲ್ಲಿ, ಅಂದರೆ ಪ್ರೋಟೀನನ್ನು ಸಣ್ಣ ರಂಧ್ರಗಳ ಟ್ಯೂಬಿನಲ್ಲಿ ತುಂಬಿ ಉಪ್ಪನ್ನು ಹೊರನೀರಿಗೆ ಬಿಡುವಾಗ. ಲ್ಯಾಬಿನ ಡ್ರಾಯರಿನಲ್ಲಿ ಸಾಮಾನ್ಯವಾಗಿ ಸಿಗುವ ಟ್ಯೂಬು 12–14 ಕಿಲೋಡಾಲ್ಟನಿನದು (ಕಿಲೋಡಾಲ್ಟನ್ ಅಣುತೂಕದ ಅಳತೆ; ಅದಕ್ಕಿಂತ ಸಣ್ಣ ಅಣು ಹೊರಗೆ ನುಸುಳುತ್ತದೆ). ಹುರುಳಿಯದೂ ಸೇರಿರುವ ಬೌಮನ್-ಬಿರ್ಕ್ ಗುಂಪಿನ ಪ್ರತಿಬಂಧಕ ಒಂಟಿಯಾಗಿ ಬರೀ 8 ಕಿಲೋಡಾಲ್ಟನ್ ಆಸುಪಾಸು. ಹುರುಳಿಯದು ಜೋಡಿಯಾಗಿ 16ರ ಹತ್ತಿರ ಇರುತ್ತದೆ, ಜೆಲ್ಲಿನಲ್ಲೂ ಅಲ್ಲೇ ಕಾಣಿಸಿಕೊಂಡು ದೊಡ್ಡ ಪ್ರತಿಬಂಧಕಗಳಾದ ಕುನಿಟ್ಜ್ ಗುಂಪಿನದೇನೋ ಎಂಬ ಭ್ರಮೆ ಹುಟ್ಟಿಸುತ್ತದೆ. ಆ ಜೋಡಿಯನ್ನು ನಂಬಿ ಕೂರಬೇಡಿ, ಟ್ಯೂಬಿನ ಗಾತ್ರ ಗೆರೆ ಕೊಯ್ದ ಗಡಿಯಲ್ಲ. 3.5 ಕಿಲೋಡಾಲ್ಟನಿನ ಟ್ಯೂಬು ತನ್ನಿ. ಮೊದಲ ಸಲ ಬದಲಿಸಿದ ಹೊರನೀರನ್ನು ಪರೀಕ್ಷಿಸದೆ ಚೆಲ್ಲಬೇಡಿ.

ಪ್ರೋಟೀನುಗಳನ್ನು ಬಿಡಿಬಿಡಿಯಾಗಿಸುವ ಕಾಲಮ್ಮಿನಲ್ಲೂ ಇಂಥದ್ದೇ ಮೋಸ. ಈ ಗುಂಪಿನವುಗಳಲ್ಲಿ ಸಾಮಾನ್ಯವಾಗಿ ಟ್ರಿಪ್ಟೊಫ್ಯಾನ್ ಇರುವುದಿಲ್ಲ, ಹಾಗಾಗಿ ಪ್ರೋಟೀನನ್ನು ಗುರುತಿಸುವ 280 ನ್ಯಾನೋಮೀಟರಿನ ಬೆಳಕಿನಲ್ಲಿ ಅವುಗಳ ಶಿಖರ ಗುಡ್ಡೆಯಷ್ಟೂ ಏಳುವುದಿಲ್ಲ. ದೊಡ್ಡ ಶಿಖರದ ಹಿಂದೆ ಓಡದೆ, ಕಾಲಮ್ಮಿನಿಂದ ಹಿಡಿದ ಪ್ರತಿ ಟ್ಯೂಬಿನ ತಡೆಯುವ ಶಕ್ತಿಯನ್ನೇ ಅಳೆಯಿರಿ.

ಅಳೆಯುವುದು ಹೀಗೆ. ಟ್ರಿಸ್ ಪಿಎಚ್ 8.2, 20 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್, 37 ಡಿಗ್ರಿ. ಟ್ರಿಪ್ಸಿನ್ ಮತ್ತು ಪ್ರತಿಬಂಧಕವನ್ನು 10–15 ನಿಮಿಷ ಒಟ್ಟಿಗಿಟ್ಟು ಆಮೇಲೆ ಬಾಪ್ನಾ (ಟ್ರಿಪ್ಸಿನ್ ಕತ್ತರಿಸಿದಾಗ ಹಳದಿ ಬಣ್ಣ ಬಿಡುವ ರಾಸಾಯನಿಕ) ಹಾಕಿ. ಬಾಪ್ನಾವನ್ನು ಮೊದಲು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸದಿದ್ದರೆ ಬಫರಿನಲ್ಲಿ ಮಂಜುಗಟ್ಟಿ ಓದು ಕೆಡುತ್ತದೆ. 10 ನಿಮಿಷಕ್ಕೆ ಶೇ 30 ಅಸಿಟಿಕ್ ಆಮ್ಲದಿಂದ ನಿಲ್ಲಿಸಿ, 410 ನ್ಯಾನೋಮೀಟರಿನಲ್ಲಿ ಓದಿ. ತಡೆ ಶೇ 20ರಿಂದ 70ರೊಳಗಿದ್ದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಟ್ಯಾನಿನ್ ಕೂಡ ಟ್ರಿಪ್ಸಿನ್ನನ್ನು ತಡೆಯುತ್ತದೆ ಎಂಬುದನ್ನು ಮರೆಯಬಾರದು. ಸ್ವಲ್ಪ ಮಾದರಿಗೆ ಡಿಟಿಟಿ ಎಂಬ ರಾಸಾಯನಿಕ ಹಾಕಿ ಬಿಸಿ ಮಾಡಿ: ಪ್ರೋಟೀನನ್ನು ಬಿಗಿಹಿಡಿದ ಡೈಸಲ್ಫೈಡ್ ಕೊಂಡಿ ಬಿಚ್ಚಿದರೆ ಪ್ರತಿಬಂಧಕದ ಶಕ್ತಿ ಕುಸಿಯುತ್ತದೆ, ಟ್ಯಾನಿನ್ನಿಗೆ ಹೆಚ್ಚೇನೂ ಆಗುವುದಿಲ್ಲ. ಉಳಿದ ಡಿಟಿಟಿಯನ್ನು ಡಯಾಲಿಸಿಸಿನಿಂದ ತೆಗೆಯದಿದ್ದರೆ ಅದು ಟ್ರಿಪ್ಸಿನ್ನಿನ ಕೊಂಡಿಗಳನ್ನೂ ಬಿಚ್ಚುತ್ತದೆ, ಆಗ ಇಡೀ ಪರೀಕ್ಷೆ ಸುಳ್ಳಾಗುತ್ತದೆ.

ಪುಣೆಯ ಪಾಷಾಣ್ ಬಡಾವಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರಂತೆ ಕಾಯಿಕೊರಕ ಹುಳುವಿನ ಮೇಲೆ ಬಳಸುವ ಉದ್ದೇಶವಿದ್ದರೆ ದನದ ಟ್ರಿಪ್ಸಿನ್ ಸಾಲದು. ಹುಳುವಿನ ಕರುಳು ಕ್ಷಾರೀಯ. ಆ ಕರುಳಿನ ಸಾರವನ್ನೇ ಪಿಎಚ್ 10ರ ಹತ್ತಿರ ಇಟ್ಟು ಮತ್ತೊಮ್ಮೆ ಅಳೆಯಿರಿ.