ಡೀಪ್ ಬ್ಲೂ ಬಾಯಿಪಾಠ ಮಾಡಿದ್ದ ಕುದುರೆ ಬಲಿ

1997ರ ಮೇ 11, ನ್ಯೂಯಾರ್ಕ್. ಆಗಿನ ಚೆಸ್ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್‌ಗೂ ಐಬಿಎಂನ ಚೆಸ್ ಆಡುವ ಡೀಪ್ ಬ್ಲೂ ಯಂತ್ರಕ್ಕೂ ಆರನೇ ಆಟ, ಅದೇ ಕೊನೆಯದು. ಇಬ್ಬರದೂ ಎರಡೂವರೆ ಅಂಕ. ಎಂಟನೇ ನಡೆಯಲ್ಲಿ ಯಂತ್ರ ಇ6 ಮನೆಯ ಪದಾತಿಯನ್ನು ಕುದುರೆಯಿಂದ ಹೊಡೆಯಿತು. ಒಂದು ಪದಾತಿಗೆ ಇಡೀ ಕುದುರೆ!

ಸೆಕೆಂಡಿಗೆ 20 ಕೋಟಿ ಸ್ಥಿತಿ ನೋಡುವ ಯಂತ್ರ, ಎಲ್ಲ ಲೆಕ್ಕ ಹಾಕಿಯೇ ಕೊಟ್ಟಿತು ಅಂತ ಈಗಲೂ ಹೇಳುವವರಿದ್ದಾರೆ. ಕೇಳಿದಾಗಲೆಲ್ಲ ನನಗೆ ಸುಮ್ನೆ ಇರಲು ಆಗುವುದಿಲ್ಲ. ಆ ನಡೆಗೆ ಅದು ಲೆಕ್ಕವನ್ನೇ ಹಾಕಲಿಲ್ಲ. ಮನುಷ್ಯರು ತುಂಬಿಸಿಟ್ಟ ಓಪನಿಂಗ್ ಬುಕ್‌ನಿಂದ ತೆಗೆದು ಆಡಿತು.

ಓಪನಿಂಗ್ ಬುಕ್ ಅಂದರೆ ಆಟದ ಆರಂಭದ ನಡೆಗಳ ಪಟ್ಟಿ, ಚೆಸ್ಸಿನ ಮಗ್ಗಿ. ಹದಿನೇಳು ಎಂಟಲೆ ಎಷ್ಟು ಅಂದರೆ ನಾವು ಕೂಡುತ್ತಾ ಕೂರುವುದಿಲ್ಲ, ನೂರ ಮೂವತ್ತಾರು ಬಾಯಿಗೇ ಬರುತ್ತದೆ. ಆಗುಂಬೆ ಘಾಟಿಯ ಹಳೇ ಡ್ರೈವರ್ ಮಂಜಿನಲ್ಲೂ ತಿರುವು ಎಲ್ಲಿದೆ ಅಂತ ಬಲ್ಲ, ಅದೂ ಹೀಗೆಯೇ. ಚೆಸ್ಸಿಗೆ ಇದು ಬೇಕೇ ಬೇಕು. ಎರಡೂ ಕಡೆಯವರು ಎರಡೆರಡು ಸಲ ನಡೆಸುವಷ್ಟರಲ್ಲಿ 1,97,281 ದಾರಿಗಳು ಹುಟ್ಟುತ್ತವೆ. ಪ್ರತಿ ಸಲ ಮೊದಲಿನಿಂದ ಹುಡುಕುತ್ತಾ ಕೂತರೆ ಗಡಿಯಾರ ಕಾಯುತ್ತದೆಯೇ?

ಅಂದು ಕಾಸ್ಪರೋವ್ ಆಡಿದ್ದು ಕಾರೋ-ಕಾನ್. ಹೊರೇಷಿಯೋ ಕಾರೋ, ಮಾರ್ಕಸ್ ಕಾನ್ ಎಂಬಿಬ್ಬರು 1886ರಲ್ಲಿ ಇದನ್ನು ಬಿಡಿಸಿ ಬರೆದಿದ್ದರು, ಹೆಸರು ಅವರದೇ. ಗಟ್ಟಿಯಾದ, ತಾಳ್ಮೆಯ ಓಪನಿಂಗ್. ಕಾಸ್ಪರೋವ್ ಏಳನೇ ನಡೆಗೆ ಒಂಟೆಯನ್ನು ಡಿ6ಕ್ಕೆ ತಂದು, ಆಮೇಲೆ ಎಚ್6 ಪದಾತಿ ತಳ್ಳಿದ್ದರೆ ಸರಿಯಿತ್ತು. ಅವರು ಎಚ್6 ಮೊದಲು ತಳ್ಳಿದರು. ಅನ್ನ ಬೇಯುವ ಮೊದಲೇ ಒಗ್ಗರಣೆ ಹಾಕಿದ ಹಾಗೆ. ಒಂಟೆ ಎಫ್8ರಲ್ಲೇ ಕೂತಿತ್ತು, ಮಂತ್ರಿ ಇ7ಕ್ಕೆ ಬಂದು ನಿಂತಿತು. ಡೀಪ್ ಬ್ಲೂನ ಬಿಳಿ ಒಂಟೆ ಜಿ6ರಿಂದ ಚೆಕ್ ಕೊಟ್ಟಾಗ ರಾಜನಿಗೆ ಡಿ8 ಬಿಟ್ಟು ಬೇರೆ ಮನೆಯೇ ಇರಲಿಲ್ಲ. ಕ್ಯಾಸಲಿಂಗ್, ಅಂದರೆ ರಾಜನನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಸರಿಸಿ ರಾಜನನ್ನು ಕಾಪಾಡುವ ಅವಕಾಶ, ಅದೂ ಹೋಯಿತು.

ಕೂಡಲೇ ಲಾಭ ಕಾಣದಿದ್ದರೆ ಆ ಕಾಲದ ಯಂತ್ರಗಳು ಕಾಯಿ ಕೊಡಲು ಹಿಂಜರಿಯುತ್ತಿದ್ದವು. ಇಲ್ಲಿ ಕೈಗೆ ಬಂದದ್ದು ರಾಜನ ಪರದಾಟ ಮಾತ್ರ. ಅದರ ಬೆಲೆ ಗೊತ್ತಿದ್ದದ್ದು ಹಳೆಯ ಆಟಗಳನ್ನು ಓದಿ ಬುಕ್‌ಗೆ ಸೇರಿಸಿದ ಮನುಷ್ಯರಿಗೆ. ಬುಕ್ ಮುಗಿದ ಮೇಲೆ ಲೆಕ್ಕ ಶುರುವಾಯಿತು, ಅಲ್ಲಿ ಯಂತ್ರದ ಕೈ ಜಾಸ್ತಿ. 18ನೇ ನಡೆಗೆ ಕಾಸ್ಪರೋವ್‌ರ ಮಂತ್ರಿ ಬಿತ್ತು. 19ನೇ ನಡೆಗೆ ಡೀಪ್ ಬ್ಲೂ ಸಿ4ಕ್ಕೆ ಪದಾತಿ ತಳ್ಳಿತು. ಕಾಸ್ಪರೋವ್ ಸೋಲೊಪ್ಪಿ ಎದ್ದರು.