ಗುಲಾಬಿ ಕಾಗದದಲ್ಲಿ ಬರೆಯದೇ ಉಳಿದ ಮಾತು

1950ರ ಕ್ಯಾಲಿಫೋರ್ನಿಯಾ. ಸೆನೆಟ್ ಚುನಾವಣೆಗೆ ರಿಚರ್ಡ್ ನಿಕ್ಸನ್ ಮತ್ತು ಹೆಲೆನ್ ಗಹಗನ್ ಡಗ್ಲಸ್ ನಿಂತಿದ್ದರು. ನಿಕ್ಸನ್ ಕಡೆಯವರು ಲಕ್ಷಗಟ್ಟಲೆ ಕರಪತ್ರ ಹಂಚಿದರು. ಅದರಲ್ಲಿದ್ದದ್ದು ಬರೀ ಲೆಕ್ಕ: ಎಡಪಂಥೀಯ ಸಂಸದ ವೀಟೊ ಮಾರ್ಕ್ಯಾಂಟೋನಿಯೊ ಮತ್ತು ಡಗ್ಲಸ್ 354 ಸಲ ಒಂದೇ ಕಡೆ ಮತ ಹಾಕಿದ್ದಾರೆ ಅಂತ. ಬಹಳಷ್ಟು ಸಲ ಡಗ್ಲಸ್ ಪಕ್ಷದ ಹೆಚ್ಚಿನವರೂ ಹಾಗೇ ಹಾಕಿದ್ದರು, ಎಷ್ಟೋ ಸಲ ನಿಕ್ಸನ್ ಕೂಡ. ಅದು ಕರಪತ್ರದಲ್ಲಿ ಇರಲಿಲ್ಲ. ಆದರೆ ಕಾಗದದ ಬಣ್ಣ ಗುಲಾಬಿ. ಕಮ್ಯುನಿಸ್ಟರೆಂದರೆ ಕೆಂಪು, ಅವರತ್ತ ವಾಲಿದವರು 'ಪಿಂಕ್'. ಉಳಿದದ್ದನ್ನು ಓದುಗರೇ ಓದಿಕೊಂಡರು. ನಿಕ್ಸನ್ ಗೆದ್ದರು.

ಇಂಥ ಕೊಂಕಿಗೆ ಬೀಳುವವರು ದಡ್ಡರು ಅಂತ ತುಂಬಾ ಜನ ಹೇಳುತ್ತಾರೆ. ನನಗೆ ಇದನ್ನು ಕೇಳಿ ಕೇಳಿ ಸಾಕಾಗಿದೆ. ಕೊಂಕು ನಾಟುವುದು ದಡ್ಡತನಕ್ಕಲ್ಲ, ಜಾಣತನಕ್ಕೆ.

ತತ್ತ್ವಜ್ಞಾನಿ ಪಾಲ್ ಗ್ರೈಸ್ ಕೊಟ್ಟ ಉದಾಹರಣೆ ನೋಡಿ. ತತ್ತ್ವಶಾಸ್ತ್ರದ ಕೆಲಸಕ್ಕೆ ಅರ್ಜಿ ಹಾಕಿದ ಶಿಷ್ಯನಿಗೆ ಮೇಷ್ಟ್ರು ಶಿಫಾರಸು ಬರೆಯುತ್ತಾರೆ: ಇವನ ಇಂಗ್ಲಿಷ್ ಚೆನ್ನಾಗಿದೆ, ತರಗತಿಗೆ ತಪ್ಪದೆ ಬರುತ್ತಿದ್ದ. ಅಷ್ಟೇ! ಹುಡುಗನಿಗೆ ವಿಷಯ ಗೊತ್ತಿಲ್ಲ ಅಂತ ನಮಗೆ ತಕ್ಷಣ ಗೊತ್ತಾಗುತ್ತದೆ, ಅಲ್ವಾ? ಮಾತಾಡುವವರು ಸುಮ್ನೆ ಏನನ್ನೂ ಹೇಳುವುದಿಲ್ಲ ಎಂಬ ನಂಬಿಕೆಯ ಮೇಲೆ ನಮ್ಮ ಮಾತುಕತೆಯೆಲ್ಲ ನಿಂತಿದೆ. ಹಾಗಾಗಿ ಖಾಲಿ ಬಿಟ್ಟ ಜಾಗವನ್ನು ಮನಸ್ಸು ತಾನೇ ತುಂಬುತ್ತದೆ. ಪದಬಂಧದಲ್ಲಿ ಒಂದೇ ಅಕ್ಷರ ಬಾಕಿ ಇದ್ದಾಗ ಕೈ ಸುಮ್ಮನಿರದ ಹಾಗೆ. ಚುಕ್ಕಿ ಕಂಡರೆ ಗೆರೆ ಎಳೆಯುವ ಹಾಗೆ. ಅಡ್ಡಗೋಡೆ ಮೇಲೆ ದೀಪ ಇಟ್ಟವನು ಪಕ್ಕಕ್ಕೆ ಸರಿಯುತ್ತಾನೆ, ನೆರಳಲ್ಲಿ ಭೂತ ಕಾಣುವ ಕೆಲಸ ನಮ್ಮದು. ನಾವೇ ಕಂಡ ಭೂತವನ್ನು ಸುಳ್ಳು ಅಂತ ಒಪ್ಪುವುದು ಕಷ್ಟ.

ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಜೊತೆಗಾರರು 1981ರಲ್ಲಿ ಇದನ್ನು ಪರೀಕ್ಷಿಸಿದರು. ಓದುಗರಿಗೆ ಬೇರೆ ಬೇರೆ ಪತ್ರಿಕಾ ಶೀರ್ಷಿಕೆ ತೋರಿಸಿದರು. 'ಇವನಿಗೆ ಮಾಫಿಯಾ ನಂಟಿದೆಯೇ?' ಎಂಬ ಬರೀ ಪ್ರಶ್ನೆಯೇ ಆ ವ್ಯಕ್ತಿಯ ಮೇಲಿನ ಅಭಿಪ್ರಾಯ ಕೆಡಿಸಿತು. 'ನಂಟಿಲ್ಲ' ಎಂಬ ಶೀರ್ಷಿಕೆಯೂ ಸ್ವಲ್ಪ ಮಸಿ ಬಳಿಯಿತು! ನಿರಾಕರಿಸಿದರೂ ಕಷ್ಟ ಅನ್ನುವುದು ಇದಕ್ಕೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಗಾದೆ ಗೊತ್ತಲ್ಲ. ಬೆರಳು ತೋರಿಸಿದವನು ಯಾರ ಹೆಸರನ್ನೂ ಹೇಳಿರುವುದಿಲ್ಲ. 'ನಾನು ದೇಶಭಕ್ತ' ಅಂತ ಕೂಗಿದವನ ಹೆಗಲನ್ನೇ ಎಲ್ಲರೂ ನೋಡುತ್ತಾರೆ.

ಅದೇ 1950ರಲ್ಲಿ ಮೇರಿಲ್ಯಾಂಡಿನಲ್ಲಿ ಇನ್ನೂ ಒಂದು ಕೈಚಳಕ ನಡೆಯಿತು. ಸರ್ಕಾರದೊಳಗೆ ಕಮ್ಯುನಿಸ್ಟರಿದ್ದಾರೆ ಅಂತ ಸೆನೆಟರ್ ಜೋಸೆಫ್ ಮೆಕಾರ್ಥಿ ಗುಲ್ಲೆಬ್ಬಿಸಿದ್ದರು. ಅದನ್ನು ವಿಚಾರಿಸಿದ ಸಮಿತಿಗೆ ಮೇರಿಲ್ಯಾಂಡಿನ ಸೆನೆಟರ್ ಮಿಲ್ಲರ್ಡ್ ಟೈಡಿಂಗ್ಸ್ ಅಧ್ಯಕ್ಷರು. ಆರೋಪ ಬರೀ ಮೋಸ ಅಂತ ಸಮಿತಿಯ ಬಹುಮತದ ವರದಿ ಹೇಳಿತು. ಟೈಡಿಂಗ್ಸ್ ಮತ್ತೆ ಚುನಾವಣೆಗೆ ನಿಂತಾಗ ಎದುರಾಳಿ ಕಡೆಯ ಪ್ರಚಾರ ಪತ್ರಿಕೆಯಲ್ಲಿ ಒಂದು ಫೋಟೊ ಬಂತು. ಎಡಗಡೆ ಕಮ್ಯುನಿಸ್ಟ್ ನಾಯಕ ಅರ್ಲ್ ಬ್ರೌಡರ್, ಬಲಗಡೆ ಅವನ ಮಾತಿಗೆ ಕಿವಿಗೊಟ್ಟಂತೆ ಟೈಡಿಂಗ್ಸ್. ಎರಡು ಬೇರೆ ಫೋಟೊ ಕತ್ತರಿಸಿ ಅಂಟಿಸಿದ್ದು. ಟೈಡಿಂಗ್ಸ್ ಅವರದು 1938ರ ಚಿತ್ರ. ಆಗ ಅವರು ಕಿವಿಗೊಟ್ಟಿದ್ದು ರೇಡಿಯೊದ ಚುನಾವಣಾ ಫಲಿತಾಂಶಕ್ಕೆ.

ಇದು ಜೋಡಿಸಿದ ಚಿತ್ರ ಅಂತ ಅಡಿಬರಹದಲ್ಲೇ ಅಚ್ಚಾಗಿತ್ತು. ಟೈಡಿಂಗ್ಸ್ ಸೋತರು.