ಕಡಿಮೆ ದುಡ್ಡಿನ ವೆಬ್ ಸರಣಿ ಯಾಕೆ ಹಿಡಿದು ಕೂರಿಸುತ್ತದೆ?

ನಾನು ಸಂಕಲನಕಾರ. ಸಣ್ಣ ತಂಡಗಳ ವೆಬ್ ಸರಣಿ ಎಡಿಟಿಂಗ್‌ಗೆ ಬಂದಾಗ ಮೊದಲು ಕಣ್ಣಿಗೆ ಬೀಳುವುದು ಅದರಲ್ಲಿ ಏನೇನಿಲ್ಲ ಎಂಬುದು. ವೈಡ್ ಶಾಟ್‌ಗಳು ಕಡಿಮೆ. ಕೋಣೆಯನ್ನು ಪೂರ್ತಿ ತೋರಿಸಬೇಕಾದರೆ ಪೂರ್ತಿ ಕೋಣೆಗೂ ಲೈಟ್ ಹಾಕಬೇಕು, ಸಾಮಾನು ಜೋಡಿಸಬೇಕು. ಅದಕ್ಕೆ ದುಡ್ಡಿಲ್ಲ, ಹಾಗಾಗಿ ಕ್ಯಾಮೆರಾ ಮುಖದ ಹತ್ತಿರ ಹೋಗಿ ನಿಂತಿರುತ್ತದೆ. ಅದೂ ಒಂದೇ ಕ್ಯಾಮೆರಾ. ಅದೇ ದೃಶ್ಯವನ್ನು ಇನ್ನೊಂದು ಕೋನದಿಂದ ತೆಗೆಯುವಷ್ಟು ಹೊತ್ತು ಅವರಿಗೆ ಸಿಕ್ಕಿರುವುದಿಲ್ಲ. ಕತ್ತರಿಸಿದರೆ ಹೋಗಲು ನನಗೆ ಬೇರೆ ಶಾಟೇ ಇಲ್ಲ. ನಟಿ ಮಾತು ಮುಗಿಸಿ ಸುಮ್ಮನಾದ ಮೇಲೂ ಅವಳ ಮುಖದ ಮೇಲೇ ಉಳಿಯಬೇಕಾಗುತ್ತದೆ. ದೊಡ್ಡ ನಿರ್ಮಾಣದಲ್ಲಾದರೆ ಆ ಮೌನವನ್ನು ನಾವೇ ಕಿತ್ತು ಹಾಕುತ್ತಿದ್ದೆವು. ಇಲ್ಲಿ ಅದು ಉಳಿದುಕೊಳ್ಳುತ್ತದೆ, ನೋಡುವವರು ಆ ಮುಖವನ್ನು ಓದತೊಡಗುತ್ತಾರೆ. ‘ಎಷ್ಟು ಸಹಜವಾಗಿದೆ’ ಎಂದು ಜನ ಮೆಚ್ಚುವುದರಲ್ಲಿ ದೊಡ್ಡ ಪಾಲು ಇದೇ.

ಉಳಿದದ್ದು ಬರವಣಿಗೆಯದು. ಅಮೆರಿಕದ ನಟಿ, ಬರಹಗಾರ್ತಿ ಫೆಲಿಶಿಯಾ ಡೇ 2007ರಲ್ಲಿ ಯೂಟ್ಯೂಬ್‌ನಲ್ಲಿ ಶುರು ಮಾಡಿದ ‘ದ ಗಿಲ್ಡ್’ ಆನ್‌ಲೈನ್ ಗೇಮ್ ಆಡುವ ಗುಂಪೊಂದರ ಕಥೆ. ಗೇಮ್‌ನೊಳಗಿನ ಯುದ್ಧಗಳ ಗೋಜಿಗೆ ಹೋಗದೆ ಅದು ಆಡುವವರ ಕಡೆಗೇ ತಿರುಗಿತು. ನಾಯಕಿ ವೆಬ್‌ಕ್ಯಾಮ್ ಮುಂದೆ ಕೂತು ತನ್ನ ಗೋಳು ಹೇಳಿಕೊಳ್ಳುವುದರಿಂದ ಕಂತು ಶುರುವಾಗುತ್ತದೆ. ಅದಕ್ಕೆ ಬೇಕಾದದ್ದು ಒಂದು ಗೋಡೆ, ಒಂದು ಕುರ್ಚಿ. ಆದರೆ ಅವಳು ನೇರ ನಮ್ಮ ಕಣ್ಣನ್ನೇ ನೋಡಿ ಮಾತಾಡುವುದರಿಂದ, ಬೇರೆ ಯಾರಿಗೂ ಹೇಳದ ಗುಟ್ಟನ್ನು ನಮಗೆ ಹೇಳುತ್ತಿದ್ದಾಳೆ ಅನಿಸುತ್ತದೆ. ಮೊದಲ ಕೆಲವು ಕಂತುಗಳ ನಂತರ ಆ ಸೀಸನ್ ಮುಂದುವರಿದದ್ದು ನೋಡುಗರೇ ಕಳಿಸಿದ ದೇಣಿಗೆಯಿಂದ. ಅಂಥ ನೋಡುಗರು ಲೈಟಿಂಗ್ ಬಗ್ಗೆ ತಕರಾರು ತೆಗೆಯುವುದಿಲ್ಲ. ಮುಂದಿನ ಕಂತು ಯಾವಾಗ ಎಂದಷ್ಟೇ ಕೇಳುತ್ತಾರೆ.

ಅವಧಿಯ ಸ್ವಾತಂತ್ರ್ಯವನ್ನಂತೂ ನಾನು ಹೊಟ್ಟೆಕಿಚ್ಚಿನಿಂದಲೇ ನೋಡುತ್ತೇನೆ. ಟಿವಿಯಲ್ಲಿ ಅರ್ಧ ಗಂಟೆಯ ಸ್ಲಾಟ್ ಎಂದರೆ ಜಾಹೀರಾತು ಕಳೆದು ಸುಮಾರು 22 ನಿಮಿಷ ತುಂಬಲೇಬೇಕು, ಕಥೆ 9 ನಿಮಿಷದ್ದಾದರೂ. 2012ರಲ್ಲಿ ವಿಮಿಯೋ ಎಂಬ ವಿಡಿಯೋ ತಾಣದಲ್ಲಿ ಬಂದ ‘ಹೈ ಮೇಂಟೆನೆನ್ಸ್’ ಸರಣಿಯ ಕಂತುಗಳು ಒಂದೊಂದು ಒಂದೊಂದು ಉದ್ದ. ಗಾಂಜಾ ತಲುಪಿಸುವ ಒಬ್ಬ ಮನುಷ್ಯ ಮನೆಯಿಂದ ಮನೆಗೆ ಹೋಗುತ್ತಾನೆ. ಆ ಮನೆಯವರ ಬದುಕಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತಿಗೆ ಕಂತು ಮುಗಿಯುತ್ತದೆ. 2016ರಲ್ಲಿ ಅದು ಅಮೆರಿಕದ ಟಿವಿ ಚಾನೆಲ್ ಎಚ್‌ಬಿಒಗೆ ಹೋಯಿತು.

ಇದರರ್ಥ ಬಡತನವೇ ಕಲೆ ಎಂದಲ್ಲ. ಡ್ರೋನ್ ಬಾಡಿಗೆಗೆ ತಂದು, ಮೊದಲಿಂದ ಕೊನೆಯವರೆಗೆ ಹಿನ್ನೆಲೆ ಸಂಗೀತ ಸುರಿದು, ದೊಡ್ಡವರಂತೆ ಕಾಣಲು ಒದ್ದಾಡುವ ಸರಣಿಗಳೂ ನನ್ನ ಬಳಿ ಬರುತ್ತವೆ. ಅವುಗಳಲ್ಲಿ ಇಲ್ಲದ ದುಡ್ಡೇ ಎದ್ದು ಕಾಣುತ್ತದೆ.

ನೋಡುಗರ ಕ್ಷಮೆಗೂ ಒಂದು ಮಿತಿ ಇದೆ, ಅದು ಧ್ವನಿ. ಚಿತ್ರ ಸ್ವಲ್ಪ ಮಸುಕಾಗಿದ್ದರೆ, ಕ್ಯಾಮೆರಾ ಕೊಂಚ ಅಲುಗಾಡಿದರೆ ಅದನ್ನು ಶೈಲಿ ಎಂದು ಒಪ್ಪಿಕೊಳ್ಳುತ್ತಾರೆ. ಮಾತು ಕೇಳಿಸದಿದ್ದರೆ ಎರಡನೇ ನಿಮಿಷಕ್ಕೇ ಎದ್ದು ಹೋಗುತ್ತಾರೆ. ಕ್ಯಾಮೆರಾದ ಮೇಲಿನ ಮೈಕ್ ಫ್ಯಾನಿನ ಸದ್ದನ್ನೂ ಗೋಡೆಯ ಪ್ರತಿಧ್ವನಿಯನ್ನೂ ಮಾತಿನ ಜೊತೆಗೇ ಕಲಸಿ ಕೊಡುತ್ತದೆ, ಆಮೇಲೆ ಬಿಡಿಸಲು ಹೋದರೆ ದನಿಯೇ ಸೊರಗುತ್ತದೆ. ಸ್ವಲ್ಪ ದುಡ್ಡು ಸಿಕ್ಕಿದೆ, ಹೊಸ ಕ್ಯಾಮೆರಾ ಕೊಳ್ಳಲೇ ಎಂದು ಕೇಳುವವರಿಗೆ ನಾನು ಹೇಳುವುದು: ಹಳೆಯದೇ ಇರಲಿ, ಕಾಲರ್ ಮೈಕ್ ತನ್ನಿ, ಹೆಡ್‌ಫೋನ್ ಹಾಕಿಕೊಂಡು ಶೂಟಿಂಗ್ ಪೂರ್ತಿ ಕೇಳುತ್ತಾ ಕೂರಲು ಒಬ್ಬರನ್ನು ಇಟ್ಟುಕೊಳ್ಳಿ.